ತದ್ರೂಪಿಯ ಮಾತು: ಡಾಲಿ, ರಕ್ತಬೀಜ ಮತ್ತು ಸಂಗೀತ ರಂಗಭೂಮಿ

ಒಂದು ಜೀವಿಯ ಜೀವಕೋಶದಿಂದ ಅದೇ ವಂಶವಾಹಿಗಳುಳ್ಳ ಇನ್ನೊಂದು ಜೀವಿಯನ್ನು ಪಡೆಯುವ ತಂತ್ರಕ್ಕೆ ಕ್ಲೋನಿಂಗ್ ಎಂದೂ, ಹಾಗೆ ಹುಟ್ಟಿದ ಜೀವಿಗೆ ತದ್ರೂಪಿ ಎಂದೂ ಹೆಸರು. ಈ ತಂತ್ರವನ್ನು ಮನುಷ್ಯನ ಮೇಲೆ ಪ್ರಯೋಗಿಸಬಹುದೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು, ಶಾಸನಕಾರರು ಮತ್ತು ಧರ್ಮಗುರುಗಳು ಮಾತ್ರವಲ್ಲದೆ ರಂಗಕರ್ಮಿಗಳೂ ಎತ್ತಿಕೊಂಡಿದ್ದಾರೆ. ಅದರಲ್ಲಿಯೂ ಹಾಡು, ವಾದ್ಯ, ಮಾತು, ದೃಶ್ಯಗಳು ಸಮಪಾಲಿನಲ್ಲಿ ಸೇರಿ ಕಥೆಯನ್ನು ನಡೆಸುವ ಸಂಗೀತ ರಂಗಭೂಮಿ ಈ ಪ್ರಶ್ನೆಗೆ ವಿಶೇಷವಾಗಿ ಒಗ್ಗಿದೆ. ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ ಮತ್ತು ವಿಡಿಯೊ ಕಲಾವಿದೆ ಬೆರಿಲ್ ಕೊರಾಟ್ ರಚಿಸಿ, 2002ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡ ‘ತ್ರೀ ಟೇಲ್ಸ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಮಂಗಳೂರಿನಿಂದ ಬಜಪೆಯ ಮೂಲಕ ಕಟೀಲಿಗೆ ಸಾಗುವ ದಾರಿಯ ಇಕ್ಕೆಲದ ಊರುಗಳಿಗೆ, ಒಂದು ದೇಹದಿಂದ ಅದರದೇ ಪಡಿಯಚ್ಚುಗಳು ಹುಟ್ಟುವ ಕಥೆ ವಿಯೆನ್ನಾದಿಂದ ಬರಬೇಕಾಗಿರಲಿಲ್ಲ. ಕಟೀಲಿನ ಯಕ್ಷಗಾನ ಮೇಳಗಳು ಆ ಬಯಲುಗಳಲ್ಲಿ ಆಡುತ್ತ ಬಂದಿರುವ ‘ದೇವಿ ಮಹಾತ್ಮೆ’ ಪ್ರಸಂಗದಲ್ಲಿ ರಕ್ತಬೀಜನಿದ್ದಾನೆ. ಇದೇ ಜಿಲ್ಲೆಯ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಸಂಗೀತ ನೀಡಿ ರಂಗಕ್ಕೆ ತಂದ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ತಲೆ ಅದಲುಬದಲಾದ ಇಬ್ಬರು ಗೆಳೆಯರಿದ್ದಾರೆ. ಈ ಮೂರು ಕೃತಿಗಳನ್ನು ಜೊತೆಗಿರಿಸಿ ನೋಡಿದಾಗ, ತದ್ರೂಪಿಯನ್ನು ಸೃಷ್ಟಿಸುವವರ ಬಗ್ಗೆ ಲೋಕ ಬಹಳ ಮಾತನಾಡಿದೆ, ಸೃಷ್ಟಿಯಾದವರ ಮಾತನ್ನು ಕೇಳಿದ್ದು ಕಡಿಮೆ ಎಂಬುದು ಸ್ಪಷ್ಟವಾಗುತ್ತದೆ.

ಒಂದು ಕುರಿ ಹುಟ್ಟಿದ ಬಗೆ

ಚರ್ಚೆಯ ಕೇಂದ್ರದಲ್ಲಿರುವ ಡಾಲಿ ಎಂಬ ಕುರಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿತು; ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು 1997ರ ಫೆಬ್ರವರಿಯಲ್ಲಿ ಆ ಸುದ್ದಿಯನ್ನು ಪ್ರಕಟಿಸಿದರು. ಆರು ವರ್ಷ ವಯಸ್ಸಿನ ಫಿನ್ ಡಾರ್ಸೆಟ್ ತಳಿಯ ಹೆಣ್ಣು ಕುರಿಯೊಂದರ ಕೆಚ್ಚಲಿನ ಜೀವಕೋಶವನ್ನು ತೆಗೆದುಕೊಂಡು, ಸ್ಕಾಟಿಷ್ ಬ್ಲ್ಯಾಕ್‌ಫೇಸ್ ಎಂಬ ಬೇರೊಂದು ತಳಿಯ ಕುರಿಯ ಅಂಡಾಣುವಿನಿಂದ ಅದರದೇ ಕೋಶಕೇಂದ್ರವನ್ನು ಹೊರತೆಗೆದು, ಬರಿದಾದ ಆ ಅಂಡಾಣುವಿನೊಂದಿಗೆ ಕೆಚ್ಚಲಿನ ಜೀವಕೋಶವನ್ನು ವಿದ್ಯುತ್ತಿನ ಸ್ಪಂದನದ ನೆರವಿನಿಂದ ಬೆಸೆಯಲಾಯಿತು. ಕೋಶಕೇಂದ್ರವೆಂದರೆ ವಂಶವಾಹಿಗಳನ್ನು ಹೊತ್ತ ಡಿಎನ್‌ಎಯ ಬಹುಪಾಲು ಅಡಕವಾಗಿರುವ ಜೀವಕೋಶದ ಭಾಗ. ಹೀಗೆ ಬೆಸೆದ 277 ಅಂಡಾಣುಗಳಲ್ಲಿ 29 ಮಾತ್ರ ಕಸಿ ಮಾಡಬಹುದಾದ ಭ್ರೂಣಗಳಾದವು. ಅವನ್ನು 13 ಕುರಿಗಳ ಗರ್ಭದಲ್ಲಿ ಇರಿಸಿದಾಗ ಬದುಕಿ ಹುಟ್ಟಿದ್ದು ಡಾಲಿ ಒಂದೇ.

ಆವರೆಗೆ ಪ್ರೌಢ ಜೀವಕೋಶ ತನ್ನ ವೃತ್ತಿಯನ್ನು ಒಮ್ಮೆ ಆರಿಸಿಕೊಂಡ ಮೇಲೆ ಮತ್ತೆ ಮೊದಲಿನಿಂದ ಇಡೀ ದೇಹವನ್ನು ಕಟ್ಟಲಾರದು ಎಂಬುದು ಸಸ್ತನಿಗಳ ವಿಷಯದಲ್ಲಿ ಬಲವಾಗಿ ಬೇರೂರಿದ್ದ ನಂಬಿಕೆ. ಕೆಚ್ಚಲಿನ ಕೋಶವೊಂದು ಇಡೀ ಕುರಿಯಾಗಬಹುದು ಎಂದು ತೋರಿಸಿದ ಡಾಲಿ ಆ ನಂಬಿಕೆಯನ್ನು ಬದಲಿಸಿತು. ಅದು ಆರು ಮರಿಗಳನ್ನು ಹೆತ್ತು, ಶ್ವಾಸಕೋಶದ ಕಾಯಿಲೆಗೆ ತುತ್ತಾಗಿ, 2003ರ ಫೆಬ್ರವರಿ 14ರಂದು ದಯಾಮರಣ ಪಡೆಯಿತು. ಭಾರತದಲ್ಲಿ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 2009ರ ಫೆಬ್ರವರಿಯಲ್ಲಿ ಎಮ್ಮೆಯ ತದ್ರೂಪಿ ಕರುವನ್ನು ಪಡೆಯಿತು. ಸಮರೂಪಾ ಎಂದು ಹೆಸರಿಟ್ಟ ಆ ಕರು ಕೆಲವೇ ದಿನ ಬದುಕಿತು, ಅದೇ ವರ್ಷದ ಜೂನ್‌ನಲ್ಲಿ ಗರಿಮಾ ಹುಟ್ಟಿತು. 2018ರ ಜನವರಿಯಲ್ಲಿ ಚೀನಾದ ವಿಜ್ಞಾನಿಗಳು ಇದೇ ವಿಧಾನದಿಂದ ಎರಡು ಮಂಗಗಳನ್ನು ಪಡೆದುದಾಗಿ ಪ್ರಕಟಿಸಿದಾಗ, ಈ ತಂತ್ರ ಮನುಷ್ಯನ ಹತ್ತಿರದ ಬಂಧುಗಳವರೆಗೆ ಬಂದು ನಿಂತಿತು.

ಪುನರಾವರ್ತನೆಯೇ ವಸ್ತುವಾದ ಸಂಗೀತ

‘ತ್ರೀ ಟೇಲ್ಸ್’ ಇಪ್ಪತ್ತನೆಯ ಶತಮಾನದ ಮೂರು ಘಟನೆಗಳ ಮೂಲಕ ತಂತ್ರಜ್ಞಾನದ ನಡಿಗೆಯನ್ನು ಹಿಂಬಾಲಿಸುತ್ತದೆ: 1937ರಲ್ಲಿ ನ್ಯೂಜೆರ್ಸಿಯಲ್ಲಿ ಉರಿದುಹೋದ ಜರ್ಮನಿಯ ವಾಯುನೌಕೆ ಹಿಂಡೆನ್‌ಬರ್ಗ್, 1946ರಿಂದ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ನಡೆದ ಅಣುಬಾಂಬು ಪರೀಕ್ಷೆಗಳು ಮತ್ತು ಡಾಲಿ. ಮೊದಲನೆಯದರಲ್ಲಿ ಯಂತ್ರ ಮನುಷ್ಯನನ್ನು ಹೊತ್ತು ಹಾರುತ್ತದೆ, ಎರಡನೆಯದರಲ್ಲಿ ಅವನ ನೆಲವನ್ನು ಬರಿದು ಮಾಡುತ್ತದೆ, ಮೂರನೆಯದರಲ್ಲಿ ಅವನ ದೇಹದೊಳಕ್ಕೆ ಕೈಹಾಕುತ್ತದೆ. ಗಾಯಕರು, ತಂತಿವಾದ್ಯಗಳು, ಪಿಯಾನೊ ಮತ್ತು ತಾಳವಾದ್ಯಗಳ ಹಿಂದೆ ದೊಡ್ಡ ಪರದೆಯ ಮೇಲೆ ಕೊರಾಟ್ ಅವರ ವಿಡಿಯೊ ಮೂಡುತ್ತಿರುತ್ತದೆ. ಮೂರನೆಯ ಭಾಗದಲ್ಲಿ ಜೇಮ್ಸ್ ವಾಟ್ಸನ್, ರಿಚರ್ಡ್ ಡಾಕಿನ್ಸ್, ಸ್ಟೀಫನ್ ಜೇ ಗೂಲ್ಡ್‌ರಂಥ ವಿಜ್ಞಾನಿಗಳೂ ಯಹೂದಿ ಧರ್ಮಗುರು ಆದಿನ್ ಸ್ಟೈನ್‌ಸಾಲ್ಟ್ಸ್ ಅವರೂ ಸಂದರ್ಶನದ ತುಣುಕುಗಳಾಗಿ ಬಂದು ಹೋಗುತ್ತಾರೆ. ದೇಹವೆಂದರೆ ವಂಶವಾಹಿಗಳು ಕಟ್ಟಿದ ಯಂತ್ರ ಎನ್ನುವ ನಿಲುವಿಗೆ ಬೈಬಲಿನ ಸೃಷ್ಟಿಕಥೆಯಲ್ಲಿ ಮನುಷ್ಯನಿಗೆ ವಹಿಸಲಾದ ತೋಟವನ್ನು ಕಾಯುವ ಹೊಣೆ ಎದುರಾಗುತ್ತದೆ.

ಈ ಕೃತಿಯ ನಿಜವಾದ ವಾದ ಅದರ ಸಂಗೀತದಲ್ಲಿದೆ. ರೈಶ್ 1960ರ ದಶಕದಲ್ಲಿಯೇ ಒಂದೇ ಸ್ವರಗುಚ್ಛವನ್ನು ಇಬ್ಬರು ವಾದಕರು ನುಡಿಸುತ್ತಿರುವಾಗ ಒಬ್ಬರ ಲಯವನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸುವ ವಿಧಾನವನ್ನು ರೂಢಿಸಿಕೊಂಡಿದ್ದರು. ಎರಡೂ ಕಡೆ ಇರುವುದು ಅದೇ ಸ್ವರಗಳಾದರೂ, ಕಾಲದ ಅಂತರದಿಂದಾಗಿ ಯಾರೂ ಬರೆಯದ ಹೊಸ ರಾಗಛಾಯೆಗಳು ಕೇಳತೊಡಗುತ್ತವೆ. ‘ತ್ರೀ ಟೇಲ್ಸ್’ನಲ್ಲಿ ಈ ಆಸಕ್ತಿ ಮನುಷ್ಯನ ಧ್ವನಿಗೆ ತಿರುಗಿದೆ: ಸಂದರ್ಶನ ನೀಡಿದವರ ಮಾತನ್ನು ಕತ್ತರಿಸಿ, ಶ್ರುತಿ ಇಳಿಯದಂತೆ ಹಿಗ್ಗಿಸಿ, ಕೊನೆಯ ಸ್ವರವನ್ನು ಹಾಗೆಯೇ ಹಿಡಿದು ನಿಲ್ಲಿಸಿ, ಮತ್ತೆ ಮತ್ತೆ ನುಡಿಸಲಾಗುತ್ತದೆ. ರೈಶ್ ತಮ್ಮ ಹಿಂದಿನ ಕೃತಿಗಳಲ್ಲಿ ಮಾತಿನ ಸಹಜ ಏರಿಳಿತಕ್ಕೆ ಸಂಗೀತವನ್ನು ಹೊಂದಿಸಿದ್ದರೆ, ಇಲ್ಲಿ ಸಂಗೀತಕ್ಕೆ ತಕ್ಕಂತೆ ಮಾತನ್ನೇ ತಿದ್ದಿದ್ದಾರೆ. ಜೀವಿಯನ್ನು ಬೇಕಾದಂತೆ ತಿದ್ದಬಹುದೇ ಎಂದು ವಾದಿಸುತ್ತಿರುವವರ ಧ್ವನಿಯೇ ಪ್ರೇಕ್ಷಕರ ಕಣ್ಣೆದುರು ತಿದ್ದುಪಡಿಗೆ ಒಳಗಾಗುವುದರಿಂದ, ಇನ್ನೊಬ್ಬರ ಕೈಯಲ್ಲಿ ರೂಪುಗೊಳ್ಳುವುದೆಂದರೆ ಏನೆಂಬುದು ಕಿವಿಗೆ ನೇರವಾಗಿ ತಟ್ಟುತ್ತದೆ.

ಆದರೆ ಇಷ್ಟು ಜನ ಮಾತನಾಡುವ ಈ ಭಾಗದಲ್ಲಿ ಡಾಲಿ ಮಾತ್ರ ಮೂಕ. ಅಮೆರಿಕದ ಪ್ರಯೋಗಾಲಯವೊಂದರ ಕಿಸ್ಮೆಟ್ ಎಂಬ ರೋಬೊ ಕೂಡ ಪರದೆಯ ಮೇಲೆ ದನಿ ಹೊರಡಿಸುತ್ತದೆ. ಯಾರ ಹುಟ್ಟಿನಿಂದ ಇಷ್ಟೆಲ್ಲ ಚರ್ಚೆ ಎದ್ದಿತೋ ಆ ಜೀವಿಗೆ ಪಾತ್ರವಿದೆ, ಮಾತಿಲ್ಲ. ಕುರಿಗೆ ಮಾತು ಬಾರದೆಂಬುದು ಸಹಜವೇ ಆದರೂ, ಮಾನವ ತದ್ರೂಪಿಯ ಕುರಿತ ಲೋಕದ ಚರ್ಚೆಯಲ್ಲಿಯೂ ಇದೇ ಮೌನ ಮುಂದುವರಿದಿದೆ.

ನೆಲಕ್ಕೆ ಬಿದ್ದ ಹನಿ

ನಂದಿನಿ ನದಿಯ ನಡುವೆ ನೆಲೆಸಿದ ಕಟೀಲು ದುರ್ಗಾಪರಮೇಶ್ವರಿಯ ಹೆಸರಿನ ಯಕ್ಷಗಾನ ಮೇಳಗಳು ಮುಖ್ಯವಾಗಿ ಹರಕೆಯ ಆಟಗಳನ್ನು ಆಡುತ್ತವೆ. ಭಕ್ತರು ದೇವಿಗೆ ಹೇಳಿಕೊಂಡ ಹರಕೆಯನ್ನು ಮೇಳವನ್ನು ಮನೆಯಂಗಳಕ್ಕೋ ಊರ ಗದ್ದೆಗೋ ಕರೆಸಿ ಆಟ ಆಡಿಸುವ ಮೂಲಕ ತೀರಿಸುತ್ತಾರೆ, ಮತ್ತು ಅವರು ಹೆಚ್ಚಾಗಿ ಆರಿಸಿಕೊಳ್ಳುವ ಪ್ರಸಂಗಗಳಲ್ಲಿ ‘ದೇವಿ ಮಹಾತ್ಮೆ’ಗೆ ಅಗ್ರಸ್ಥಾನವಿದೆ. 1951ರಿಂದ ವಿಮಾನ ಇಳಿಯುತ್ತಿರುವ ಬಜಪೆಯ ಸುತ್ತಮುತ್ತ ಚೆಂಡೆಯ ಸದ್ದು ಇಂದಿಗೂ ಜನಜೀವನದ ಭಾಗವೇ ಆಗಿದೆ. ಭಾಗವತರ ಹಾಡು, ಚೆಂಡೆ, ಮದ್ದಳೆ, ಚಕ್ರತಾಳಗಳ ಹಿಮ್ಮೇಳ ಮತ್ತು ವೇಷಧಾರಿಗಳ ಕುಣಿತ, ಮಾತುಗಳ ಮುಮ್ಮೇಳ ಸೇರಿದ ಈ ತೆಂಕುತಿಟ್ಟಿನ ಆಟವೇ ಕರಾವಳಿಯ ಸಂಗೀತ ರಂಗಭೂಮಿ. ಮಧುಕೈಟಭರಿಂದ ಮೊದಲಾಗಿ, ದೊಂದಿಗಳ ಬೆಳಕಿನಲ್ಲಿ ಸಭೆಯ ನಡುವಿನಿಂದ ಅಬ್ಬರಿಸಿ ಬರುವ ಮಹಿಷಾಸುರನನ್ನು ದಾಟಿ, ಚಂಡಮುಂಡರ ವಧೆಯ ತರುವಾಯ ಕಥೆ ರಕ್ತಬೀಜನ ಬಳಿಗೆ ಬರುತ್ತದೆ.

ಪ್ರಸಂಗಕ್ಕೆ ಮೂಲವಾದ ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯದ ಎಂಟನೆಯ ಅಧ್ಯಾಯ ಈ ಯುದ್ಧವನ್ನು ಅಚ್ಚರಿ ಹುಟ್ಟಿಸುವಷ್ಟು ಕರಾರುವಾಕ್ಕಾಗಿ ವಿವರಿಸುತ್ತದೆ. ಇಂದ್ರನ ಶಕ್ತಿಯಾದ ಐಂದ್ರಿ ವಜ್ರಾಯುಧದಿಂದ ಹೊಡೆದಾಗ ರಕ್ತಬೀಜನ ಮೈಯಿಂದ ನೆತ್ತರು ಚಿಮ್ಮುತ್ತದೆ. ನೆಲಕ್ಕೆ ಎಷ್ಟು ಹನಿ ಬೀಳುತ್ತದೋ ಅಷ್ಟು ಮಂದಿ ಅಸುರರು ಅವನದೇ ರೂಪ, ಬಲ, ಪರಾಕ್ರಮಗಳೊಡನೆ ಏಳುತ್ತಾರೆ. ಹೊಡೆತ ಹೆಚ್ಚಿದಷ್ಟೂ ಶತ್ರುಗಳು ಹೆಚ್ಚುತ್ತಾರೆ, ದೇವತೆಗಳು ಭಯಗೊಳ್ಳುತ್ತಾರೆ. ಆಗ ಚಂಡಿಕೆ ಕಾಳಿಗೆ ಬಾಯಿ ಅಗಲಿಸಿ ನಿಲ್ಲುವಂತೆಯೂ, ರಕ್ತವನ್ನು ನೆಲ ಮುಟ್ಟುವ ಮೊದಲೇ ಹೀರಿಕೊಂಡು ಹುಟ್ಟಿದವರನ್ನು ಕಬಳಿಸುವಂತೆಯೂ ಹೇಳುತ್ತಾಳೆ. ನೆತ್ತರು ಬತ್ತಿದ ರಕ್ತಬೀಜ ಕೊನೆಗೆ ನೆಲಕ್ಕೊರಗುತ್ತಾನೆ.

ಪುರಾಣಕಾರರಿಗೆ ಕ್ಲೋನಿಂಗ್ ತಿಳಿದಿತ್ತು ಎಂದು ಇದರಿಂದ ಸಾಧಿಸಹೊರಡುವುದು ವಿಜ್ಞಾನಕ್ಕೂ ಪುರಾಣಕ್ಕೂ ಮಾಡುವ ಅನ್ಯಾಯ. ಅವರು ಕಂಡದ್ದು ತಂತ್ರವನ್ನಲ್ಲ, ಅದಕ್ಕಿಂತ ಆಳದ ಒಂದು ನೈತಿಕ ಸ್ಥಿತಿಯನ್ನು: ಒಬ್ಬನ ಇಚ್ಛೆಯನ್ನು ಈಡೇರಿಸುವುದಕ್ಕಾಗಿಯೇ ಹುಟ್ಟಿದ, ಹೆಸರಿಲ್ಲದ, ತಮ್ಮದೇ ಬದುಕಿಲ್ಲದ ಜೀವಗಳ ಸ್ಥಿತಿಯನ್ನು. ರಕ್ತಬೀಜ ಅಸುರರಾಜ ಶುಂಭನ ಪಕ್ಷದಲ್ಲಿ ನಿಂತು ಹೋರಾಡಲು ತೀರ್ಮಾನಿಸಿದವನು. ಹನಿಯಿಂದ ಹುಟ್ಟಿದವರು ಯಾವ ತೀರ್ಮಾನವನ್ನೂ ಮಾಡಿದವರಲ್ಲ. ಅವರು ಹುಟ್ಟಿದ ಕ್ಷಣದಲ್ಲಿಯೇ ಯುದ್ಧದಲ್ಲಿದ್ದಾರೆ. ಮಾನವ ತದ್ರೂಪಿಯ ವಿರುದ್ಧ ಇಂದು ಮಂಡನೆಯಾಗುವ ಅತ್ಯಂತ ಗಟ್ಟಿಯಾದ ಆಕ್ಷೇಪವೂ ಇದೇ: ಸತ್ತ ಮಗುವಿನ ಜಾಗ ತುಂಬಲೆಂದೋ, ಒಬ್ಬ ಪ್ರತಿಭಾವಂತನನ್ನು ಮರಳಿ ಪಡೆಯಲೆಂದೋ ಹುಟ್ಟಿಸಿದ ಮಗು ತನಗಾಗಿ ಹುಟ್ಟಿದ ಮಗುವಾಗುವುದಿಲ್ಲ.

ಅದೇ ಮಾರ್ಕಂಡೇಯ ಪುರಾಣದಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಕಥೆಯೂ ಇದೆ. ಸೂರ್ಯನ ತಾಪವನ್ನು ತಾಳಲಾರದ ಸಂಜ್ಞೆ ತನ್ನದೇ ರೂಪದ ಛಾಯೆಯನ್ನು ಮನೆಯಲ್ಲಿ ಬಿಟ್ಟು ಹೊರಟುಹೋಗುತ್ತಾಳೆ. ಛಾಯೆಯೂ ಒಬ್ಬರ ಅನುಕೂಲಕ್ಕಾಗಿ ಹುಟ್ಟಿದ ಪಡಿಯಚ್ಚೇ. ಆದರೆ ಅವಳು ಸಂಸಾರ ನಡೆಸುತ್ತಾಳೆ, ಮಕ್ಕಳನ್ನು ಹೆರುತ್ತಾಳೆ, ಸಂಜ್ಞೆಯ ಮಕ್ಕಳಿಗಿಂತ ತನ್ನ ಮಕ್ಕಳ ಮೇಲೆ ಹೆಚ್ಚು ಮಮತೆ ತೋರುತ್ತಾಳೆ. ಅವಳ ಮಗ ಸಾವರ್ಣಿ ಎಂಟನೆಯ ಮನುವಾಗಿ ಒಂದು ಮನ್ವಂತರದ ಅಧಿಪತಿಯಾಗುತ್ತಾನೆ. ದೇವೀಮಾಹಾತ್ಮ್ಯ ತೊಡಗುವುದೂ ಮುಗಿಯುವುದೂ ಈ ಸಾವರ್ಣಿಯ ಹೆಸರಿನಿಂದಲೇ. ಹೀಗೆ ರಕ್ತಬೀಜನ ಹನಿಗಳನ್ನು ಕುರಿತು ಹೇಳುವ ಗ್ರಂಥವೇ, ಪಡಿಯಚ್ಚಾಗಿ ಹುಟ್ಟಿದವಳ ಮಗನಿಗೆ ಮುಂದಿನ ಮಾನವಕುಲದ ಹಿರಿತನವನ್ನು ಕೊಟ್ಟಿದೆ.

ತಲೆಯೇ ಪ್ರಧಾನವೆಂಬ ತೀರ್ಪು

1971ರಲ್ಲಿ ಪ್ರಕಟವಾದ ‘ಹಯವದನ’ಕ್ಕೆ ಬೇತಾಳ ಕಥೆಯೊಂದೂ, ಅದನ್ನಾಧರಿಸಿ ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಬರೆದ ಕಿರುಕಾದಂಬರಿಯೂ ಹಿನ್ನೆಲೆಯಾಗಿವೆ. ಗಣಪತಿಯ ಪೂಜೆಯಿಂದ ಆರಂಭವಾಗಿ, ಭಾಗವತ, ಮುಖವಾಡ, ಮೇಳದ ಹಾಡುಗಳಿಂದ ಮುಂದುವರಿಯುವ ಈ ನಾಟಕ ಯಕ್ಷಗಾನದ ಕಟ್ಟುಗಳನ್ನು ಆಧುನಿಕ ಕನ್ನಡ ರಂಗಭೂಮಿಗೆ ತಂದ ಪ್ರಮುಖ ಕೃತಿಗಳಲ್ಲಿ ಒಂದು. ಬುದ್ಧಿವಂತ ದೇವದತ್ತ ಮತ್ತು ಬಲಶಾಲಿ ಕಪಿಲ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಂಡು ಸತ್ತಾಗ, ದೇವಿಯ ವರದಿಂದ ಅವರನ್ನು ಬದುಕಿಸಹೊರಟ ಪದ್ಮಿನಿ ತಲೆಗಳನ್ನು ಅದಲುಬದಲಾಗಿ ಜೋಡಿಸುತ್ತಾಳೆ. ಅವಳ ಗಂಡ ಯಾರೆಂಬ ವ್ಯಾಜ್ಯ ಋಷಿಯ ಮುಂದೆ ಬಂದಾಗ, ದೇಹಕ್ಕೆ ತಲೆಯೇ ಪ್ರಧಾನವಾದುದರಿಂದ ದೇವದತ್ತನ ತಲೆಯುಳ್ಳವನೇ ದೇವದತ್ತನೆಂಬ ತೀರ್ಪು ಹೊರಡುತ್ತದೆ.

ಡಾಲಿಯ ಪ್ರಯೋಗಕ್ಕೆ ಇಪ್ಪತ್ತೈದು ವರ್ಷ ಮೊದಲು ಬಂದ ಈ ನಾಟಕದ ಸಮಸ್ಯೆ ಆ ಪ್ರಯೋಗದ ಸಮಸ್ಯೆಗೆ ಬಹಳ ಹತ್ತಿರದ್ದು. ಕೋಶಕೇಂದ್ರದ ವರ್ಗಾವಣೆಯೆಂದರೆ ಒಂದು ಕೋಶದ ತಲೆಯನ್ನು ಇನ್ನೊಂದು ಕೋಶದ ಮೈಗೆ ಜೋಡಿಸುವ ಕೆಲಸವೇ. ಡಾಲಿಯ ಕೋಶಕೇಂದ್ರ ಫಿನ್ ಡಾರ್ಸೆಟ್ ಕುರಿಯದಾಗಿದ್ದರಿಂದ ಅದು ಅದರ ತದ್ರೂಪಿ ಎಂದು ವಿಜ್ಞಾನಿಗಳು ಹೇಳಿದ್ದು ಋಷಿಯ ತೀರ್ಪಿನಂಥದೇ ತೀರ್ಪು. ಆದರೆ ಅಂಡಾಣುವಿನ ಮೈ ಸುಮ್ಮನಿರುವುದಿಲ್ಲ: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಪುಟ್ಟ ಘಟಕಗಳಿಗೆ ತಮ್ಮದೇ ಆದ ಸ್ವಲ್ಪ ಡಿಎನ್‌ಎ ಇರುತ್ತದೆ, ಮತ್ತು ಡಾಲಿಯಲ್ಲಿ ಅದು ಅಂಡಾಣು ನೀಡಿದ ಬ್ಲ್ಯಾಕ್‌ಫೇಸ್ ಕುರಿಯಿಂದ ಬಂದಿತ್ತು. ಕೆಚ್ಚಲಿನ ಕೋಶಕೇಂದ್ರ ತನ್ನ ಹಳೆಯ ಕೆಲಸವನ್ನು ಮರೆತು ಹೊಸದಾಗಿ ದೇಹ ಕಟ್ಟಲು ತೊಡಗುವಂತೆ ಮಾಡಿದ್ದೂ ಅಂಡಾಣುವಿನ ದ್ರವ್ಯವೇ. ತನ್ನದಲ್ಲದ ಮೈ ಹೊತ್ತ ಕಪಿಲ, ಆ ಮೈಯಲ್ಲಿ ಉಳಿದ ನೆನಪುಗಳು ತನ್ನನ್ನು ಬಿಡುತ್ತಿಲ್ಲವೆಂದು ತೊಳಲುವಾಗ ನಾಟಕ ಋಷಿಯ ತೀರ್ಪನ್ನು ಹೀಗೆಯೇ ಪ್ರಶ್ನಿಸುತ್ತದೆ. ಪದ್ಮಿನಿಯ ಮಗುವಂತೂ ಬಹುಕಾಲ ಮಾತಿಲ್ಲದೆ, ನಗುವಿಲ್ಲದೆ ಉಳಿಯುತ್ತದೆ. ದೊಡ್ಡವರ ಪೂರ್ಣತೆಯ ಹಂಬಲದ ಹೊರೆಯನ್ನು ಹೊತ್ತದ್ದು ಆ ಮಗುವೇ.

ಪದ ಒಂದೇ, ಅರ್ಥ ಬೇರೆ

ಒಂದೇ ವಂಶವಾಹಿಗಳಿದ್ದರೆ ಒಬ್ಬನೇ ವ್ಯಕ್ತಿ ಮರಳಿ ಬರುತ್ತಾನೆಂಬ ನಂಬಿಕೆ ಮಾನವ ಕ್ಲೋನಿಂಗ್‌ನ ಆಸೆಗೂ ಭಯಕ್ಕೂ ಬುನಾದಿ. ಇದು ಎಷ್ಟು ತಪ್ಪೆಂಬುದನ್ನು ಕರಾವಳಿಯ ಪ್ರೇಕ್ಷಕರಿಗೆ ಯಕ್ಷಗಾನದ ಕ್ರಮದಿಂದಲೇ ತಿಳಿಸಬಹುದು. ಭಾಗವತರು ಹಾಡುವ ಪ್ರಸಂಗದ ಪದ್ಯ ಲಿಖಿತವಾದದ್ದು, ರಾತ್ರಿಯಿಂದ ರಾತ್ರಿಗೆ ಬದಲಾಗದು. ಪದ್ಯ ಮುಗಿದ ಮೇಲೆ ವೇಷಧಾರಿ ಹೇಳುವ ಅರ್ಥ ಮಾತ್ರ ಆಶುವಾದದ್ದು, ಅವನ ವಯಸ್ಸು, ಓದು, ಎದುರು ನಿಂತ ಪಾತ್ರಧಾರಿಯ ಮಾತು, ಆ ರಾತ್ರಿಯ ಸಭೆ ಇವೆಲ್ಲವುಗಳಿಂದ ರೂಪುಗೊಳ್ಳುವಂಥದು. ವಂಶವಾಹಿಗಳು ಪದ್ಯವಾದರೆ ಬದುಕು ಅರ್ಥ. ಒಂದೇ ಪದ್ಯಕ್ಕೆ ಇಬ್ಬರು ಕಲಾವಿದರು ಒಂದೇ ಅರ್ಥ ಹೇಳುವುದಿಲ್ಲ.

ಜೀವವಿಜ್ಞಾನ ಇದನ್ನು ದೃಢಪಡಿಸುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2001ರ ಡಿಸೆಂಬರ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿನ ಮೂಲ ಬೆಕ್ಕಿಗೆ ಮೈಮೇಲೆ ಕಿತ್ತಳೆ, ಕಪ್ಪು, ಬಿಳಿ ಮಚ್ಚೆಗಳಿದ್ದವು. ಮರಿಯಲ್ಲಿ ಕಿತ್ತಳೆ ಬಣ್ಣವೇ ಇರಲಿಲ್ಲ. ಹೆಣ್ಣು ಬೆಕ್ಕಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿದ್ದು, ಬೆಳವಣಿಗೆಯ ಆರಂಭದಲ್ಲಿ ಅವುಗಳಲ್ಲೊಂದು ನಿಷ್ಕ್ರಿಯವಾಗುತ್ತದೆ. ಕಿತ್ತಳೆ ಬಣ್ಣದ ವಂಶವಾಹಿ ಇರುವುದು ಆ ವರ್ಣತಂತುವಿನಲ್ಲಿಯೇ ಆದ್ದರಿಂದ, ಯಾವುದು ಮೌನವಾಯಿತು ಎಂಬುದು ಬಣ್ಣವನ್ನು ನಿರ್ಧರಿಸುತ್ತದೆ. ತುಪ್ಪಳದ ಬಣ್ಣವನ್ನೇ ಮರಳಿ ತರಲಾರದ ತಂತ್ರ ಒಬ್ಬ ಮನುಷ್ಯನ ಸ್ವಭಾವ, ನೆನಪು, ಪ್ರೀತಿಗಳನ್ನು ಮರಳಿ ತರುವುದು ಸಾಧ್ಯವೇ ಇಲ್ಲ. ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳು ಪ್ರಕೃತಿಯೇ ಕೊಟ್ಟ ತದ್ರೂಪಿಗಳಾಗಿದ್ದರೂ ಇಬ್ಬರು ಬೇರೆ ಬೇರೆ ಮನುಷ್ಯರೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ.

ಕಾನೂನು ಹಾಕಿದ ಗೆರೆ

ಯುನೆಸ್ಕೊ 1997ರ ನವೆಂಬರ್‌ನಲ್ಲಿ ಅಂಗೀಕರಿಸಿದ ಮಾನವ ಜೀನೋಮ್ ಮತ್ತು ಮಾನವ ಹಕ್ಕುಗಳ ಘೋಷಣೆಯ 11ನೆಯ ವಿಧಿ, ಮಗುವನ್ನು ಹುಟ್ಟಿಸುವ ಉದ್ದೇಶದ ಮಾನವ ಕ್ಲೋನಿಂಗ್ ಮಾನವ ಘನತೆಗೆ ವಿರುದ್ಧವೆಂದು ಸಾರಿತು. ಜೀನೋಮ್ ಎಂದರೆ ಒಂದು ಜೀವಿಯ ವಂಶವಾಹಿ ಮಾಹಿತಿಯ ಒಟ್ಟು ಮೊತ್ತ. ಎಲ್ಲ ಬಗೆಯ ಮಾನವ ಕ್ಲೋನಿಂಗನ್ನೂ ನಿಷೇಧಿಸುವಂತೆ ಕರೆಕೊಟ್ಟ ವಿಶ್ವಸಂಸ್ಥೆಯ 2005ರ ಘೋಷಣೆಗೆ 84 ದೇಶಗಳು ಪರವಾಗಿ, 34 ವಿರುದ್ಧವಾಗಿ ಮತ ನೀಡಿದವು, 37 ತಟಸ್ಥವಾಗಿ ಉಳಿದವು. ಚಿಕಿತ್ಸೆಗಾಗಿ ಭ್ರೂಣಕೋಶಗಳನ್ನು ಬಳಸುವ ಸಂಶೋಧನೆಗೆ ದಾರಿ ಮುಚ್ಚಬಾರದೆಂಬ ನಿಲುವಿನ ಭಾರತ ವಿರುದ್ಧ ಮತ ನೀಡಿದ ದೇಶಗಳಲ್ಲಿ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಮಗುವನ್ನು ಹುಟ್ಟಿಸುವ ಕ್ಲೋನಿಂಗನ್ನು ನಿಷಿದ್ಧ ಸಂಶೋಧನೆಗಳ ಸಾಲಿಗೆ ಸೇರಿಸಿದೆ, ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು 14 ದಿನಗಳಾಚೆ ಬೆಳೆಸುವುದನ್ನೂ ತಡೆದಿದೆ. ಹನಿ ನೆಲ ಮುಟ್ಟುವ ಮೊದಲೇ ತಡೆಯುವ ವಿವೇಕವೇ ಇಲ್ಲಿಯೂ ಕೆಲಸ ಮಾಡಿದೆ.

ಆದರೆ ಗೆರೆ ದಾಟಿದಾಗ ಏನಾಗುತ್ತದೆ ಎಂಬುದನ್ನು ಲೋಕ ಈಗಾಗಲೇ ಕಂಡಿದೆ. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಕ್ರಿಸ್ಪರ್ ಎಂಬ ವಂಶವಾಹಿ ತಿದ್ದುವ ಉಪಕರಣದಿಂದ ಭ್ರೂಣಗಳನ್ನು ಮಾರ್ಪಡಿಸಿ ಅವಳಿ ಹೆಣ್ಣುಮಕ್ಕಳು ಹುಟ್ಟುವಂತೆ ಮಾಡಿರುವುದಾಗಿ ಘೋಷಿಸಿದರು. ಇದು ಕ್ಲೋನಿಂಗ್ ಅಲ್ಲವಾದರೂ ಹುಟ್ಟಲಿರುವವರ ಒಪ್ಪಿಗೆಯಿಲ್ಲದೆ ಅವರ ವಂಶವಾಹಿಯನ್ನು ನಿರ್ಧರಿಸುವ ಅದೇ ಸಮಸ್ಯೆ. 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಮಾಡಿದವನಿಗೆ ಶಿಕ್ಷೆ ವಿಧಿಸಲು ಕಾನೂನಿಗೆ ಸಾಧ್ಯವಾಯಿತು. ಹುಟ್ಟಿದ ಮಕ್ಕಳು ತಮ್ಮ ಮೈಯಲ್ಲಿ ಆದ ತಿದ್ದುಪಡಿಯೊಂದಿಗೆ, ಲೋಕದ ಕುತೂಹಲದಿಂದ ಮರೆಯಾಗಿ ಬೆಳೆಯಬೇಕಾಯಿತು. ನಿಷೇಧ ಎಷ್ಟೇ ಅಗತ್ಯವಾದರೂ ಅದು ಚರ್ಚೆಯ ಅರ್ಧ ಮಾತ್ರ. ನಿಷೇಧ ಮೀರಿ ಹುಟ್ಟಿದ ಮಗು ಅಪರಾಧದ ಸಾಕ್ಷ್ಯವಲ್ಲ, ಇತರ ಎಲ್ಲ ಮಕ್ಕಳಂತೆ ಪೂರ್ಣ ಹಕ್ಕುಗಳುಳ್ಳ ಮನುಷ್ಯ ಎಂಬುದನ್ನು ಸಮಾಜ ಮೊದಲೇ ಒಪ್ಪಿಕೊಂಡಿರಬೇಕು.

ಅರ್ಥಗಾರಿಕೆಗೆ ಒಂದು ಹೊಸ ಪಾತ್ರ

ಈ ಒಪ್ಪಿಗೆಯನ್ನು ಬೆಳೆಸುವ ಶಕ್ತಿ ಯಕ್ಷಗಾನಕ್ಕೂ, ವೇಷವಿಲ್ಲದೆ ಕುಳಿತು ಹಾಡು ಮತ್ತು ಮಾತಿನಿಂದಲೇ ಪ್ರಸಂಗವನ್ನು ನಡೆಸುವ ತಾಳಮದ್ದಳೆಗೂ ಇದೆ. ಈ ಕಲೆಯಲ್ಲಿ ಅಸುರನೂ ತನ್ನ ಪಕ್ಷವನ್ನು ಸಮರ್ಥವಾಗಿ ಮಂಡಿಸದೆ ಸಾಯುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಪ್ರತಿನಾಯಕರ ಬಾಯಿಂದ ಕೇಳಿಸಿದ ವಾದಗಳ ಎದುರು ನಾಯಕರೂ ಎಚ್ಚರದಿಂದ ಉತ್ತರಿಸಬೇಕಾಗುತ್ತಿತ್ತು. ಇಷ್ಟು ಉದಾರವಾದ ರಂಗದಲ್ಲಿಯೂ ರಕ್ತಬೀಜನ ಹನಿಯಿಂದ ಎದ್ದವನಿಗೆ ಅರ್ಥ ಹೇಳುವ ಅವಕಾಶ ಒದಗಿಲ್ಲ. ತಾನು ಯಾರ ಯುದ್ಧವನ್ನು ಹೋರಾಡುತ್ತಿದ್ದೇನೆ, ಈ ಮುಖ ತನ್ನದೋ ಇನ್ನೊಬ್ಬನದೋ, ತನಗೆ ಈ ರಣದಿಂದ ಹಿಂದಿರುಗುವ ಹಕ್ಕಿದೆಯೋ ಇಲ್ಲವೋ ಎಂದು ಅವನು ಒಂದು ಪದ್ಯಕ್ಕೆ ಅರ್ಥ ಹೇಳಿದರೆ, ವಂಶವಾಹಿ ನೀತಿಶಾಸ್ತ್ರದ ಮೂಲಪ್ರಶ್ನೆಗಳು ಯಾವ ಪಾರಿಭಾಷಿಕ ಪದದ ನೆರವೂ ಇಲ್ಲದೆ ಸಭೆಗೆ ತಲುಪುತ್ತವೆ.

ಸಂಗೀತ ರಂಗಭೂಮಿ ವಿಜ್ಞಾನಕ್ಕೆ ಪ್ರಚಾರ ಮಾಡಬೇಕಾಗಿಲ್ಲ, ಅದನ್ನು ಶಪಿಸಬೇಕಾಗಿಯೂ ಇಲ್ಲ. ‘ತ್ರೀ ಟೇಲ್ಸ್’ ವಿಜ್ಞಾನಿಗಳ ಮಾತನ್ನು ಕೇಳಿಸಿತು, ‘ಹಯವದನ’ ತೀರ್ಪು ಕೊಡುವವರ ಮಾತನ್ನು ಪ್ರಶ್ನಿಸಿತು; ಹುಟ್ಟಿದವನ ಮಾತನ್ನು ಕೇಳಿಸುವ ಕೆಲಸ ಬಾಕಿಯಿದೆ. ಅಸುರನಿಗೂ ಮಾತಿನ ಹಕ್ಕು ಕೊಟ್ಟ ಪರಂಪರೆಯೊಂದು ಬಜಪೆ, ಕಟೀಲಿನ ಬಯಲುಗಳಲ್ಲಿ ಜೀವಂತವಾಗಿರುವಾಗ, ಆ ಕೆಲಸಕ್ಕೆ ಕನ್ನಡದ ರಂಗಭೂಮಿಗಿಂತ ಹೆಚ್ಚು ಸಿದ್ಧವಾದ ವೇದಿಕೆಯನ್ನು ಬೇರೆಡೆ ಹುಡುಕಬೇಕಾಗಿಲ್ಲ.